ಬಿಗಿಯೋ ಸಡಿಲವೋ: ಹಾರ್ಮೋನು ಏರುಪೇರಾದಾಗ ಸೊಂಟದ ತಳ

ಗಂಡು ಇಲಿಯ ಸೊಂಟದ ತಳದಲ್ಲಿರುವ ಲೆವೇಟರ್ ಆನೈ ಎಂಬ ಸ್ನಾಯುವನ್ನು ಔಷಧ ವಿಜ್ಞಾನಿಗಳು ದಶಕಗಳಿಂದ ತೂಗುತ್ತಲೇ ಬಂದಿದ್ದಾರೆ. ಬೀಜ ತೆಗೆದ ಇಲಿಗೆ ಹೊಸ ರಾಸಾಯನಿಕವೊಂದನ್ನು ಕೆಲವು ದಿನ ಕೊಡುತ್ತಾರೆ. ಆಮೇಲೆ ಆ ಸ್ನಾಯು ದಪ್ಪಗಾಗಿದ್ದರೆ ರಾಸಾಯನಿಕಕ್ಕೆ ಗಂಡು ಹಾರ್ಮೋನಿನ ಗುಣವಿದೆ ಎಂದು ತೀರ್ಮಾನಿಸುತ್ತಾರೆ. 1953ರಲ್ಲಿ ಹರ್ಷ್‌ಬರ್ಗರ್ ಮತ್ತು ಸಂಗಡಿಗರು ರೂಪಿಸಿದ ಈ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ. ಮೈತುಂಬ ಸ್ನಾಯುಗಳಿದ್ದರೂ ಇದನ್ನೇ ಆರಿಸಿದ್ದಕ್ಕೆ ಕಾರಣ, ಹಾರ್ಮೋನಿಗೆ ಇಷ್ಟು ಬೇಗ ಓಗೊಡುವ ಸ್ನಾಯು ಇಲಿಯಲ್ಲಿ ಅಪರೂಪ.

ಅದೇ ಹೆಸರಿನ ಸ್ನಾಯು ಹೆಣ್ಣಿನ ಮೈಯಲ್ಲೂ ಇದೆ. ಹೊಟ್ಟೆಯ ಕೆಳತುದಿಯಲ್ಲಿ ಕೈಗೆ ತಾಗುವ ಮೂಳೆಯಿಂದ ಹಿಂದೆ ಬಾಲಮೂಳೆಯವರೆಗೆ ಜೋಲಿಯಂತೆ ಕಟ್ಟಿಕೊಂಡಿರುವ ಹಾಸಿನಲ್ಲಿ ಅದರದೇ ದೊಡ್ಡ ಪಾಲು. ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಈ ಹಾಸೇ ಆಸರೆ. ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುವುದು ಇದನ್ನೇ. ಕೆಮ್ಮಿದಾಗ ಇದು ತಾನಾಗಿ ಬಿಗಿಯಬೇಕು, ಶೌಚಕ್ಕೆ ಕೂತಾಗ ತಾನಾಗಿ ಸಡಿಲಬೇಕು. ಕೆಟ್ಟರೆ ಹೆಂಗಸರ ಬಾಯಲ್ಲಿ ಬರುವ ಮಾತುಗಳು ಕೆಲವೇ: ಸೀನಿದರೆ ಸೋರುತ್ತದೆ; ಒಂದಕ್ಕೆ ಬಂದರೆ ತಡೆಯೋಕಾಗಲ್ಲ; ಕೆಳಗೆ ಏನೋ ಇಳಿದ ಹಾಗಿದೆ; ಗಂಡನ ಜೊತೆ ಮಲಗಿದರೆ ಉರಿ, ನೋವು. ಇವನ್ನೂ ಎಲ್ಲರ ಮುಂದೆ ಆಡುವುದಿಲ್ಲ. ಅಕ್ಕನಿಗೋ ಓರಗಿತ್ತಿಗೋ ಹೇಳಿದರೆ ಅದೇ ಹೆಚ್ಚು.

ಇಲಿಯ ಲೆಕ್ಕವನ್ನು ಹೆಣ್ಣಿಗೆ ನೇರವಾಗಿ ಹಚ್ಚಲಾಗದು, ನಿಜ. ಆದರೆ ಯೋನಿ, ಮೂತ್ರನಾಳ, ಮೂತ್ರಕೋಶದ ತಳ, ಇವನ್ನು ಹಿಡಿದಿಟ್ಟ ಕಟ್ಟುಗಳು, ಎಲ್ಲೆಡೆ ಈಸ್ಟ್ರೋಜೆನ್ ಬಂದು ಕೂರುವ ಗ್ರಾಹಕಗಳಿವೆ ಎಂಬುದು ವೈದ್ಯಶಾಸ್ತ್ರಕ್ಕೆ ಹಳೆಯ ಸಂಗತಿ. ಆದರೂ ಆಸ್ಪತ್ರೆಯಲ್ಲಿ ಹಾರ್ಮೋನು ಮತ್ತು ಸೊಂಟದ ತಳ ಬೇರೆ ಬೇರೆ ಕೋಣೆಯ ವಿಷಯಗಳಾಗಿಯೇ ಉಳಿದಿವೆ. ಪಿಸಿಓಡಿ, ಥೈರಾಯ್ಡ್, ಸಕ್ಕರೆ ಕಾಯಿಲೆ ಎಂದು ಬಂದವರ ರಕ್ತದ ವರದಿಯನ್ನು ಒಂದು ಕೋಣೆ ನೋಡುತ್ತದೆ. ಸೋರಿಕೆ, ಜಾರುವಿಕೆ ಎಂದರೆ ಹೆರಿಗೆಯಲ್ಲಿ ಆದ ಪೆಟ್ಟು ಎಂದು ಇನ್ನೊಂದು ಕೋಣೆ ಮೊದಲೇ ನಿರ್ಧರಿಸಿರುತ್ತದೆ.

ಹೆರಿಗೆ ದೊಡ್ಡ ಕಾರಣವೆಂಬುದರಲ್ಲಿ ತಕರಾರಿಲ್ಲ. ನಾರ್ವೆಯಲ್ಲಿ ಸಾವಿರಾರು ಹೆಂಗಸರನ್ನು ಕೇಳಿ ನಡೆಸಿದ ಎಪಿನ್‌ಕಾಂಟ್ ಸಮೀಕ್ಷೆಯ 2003ರ ವರದಿಯಲ್ಲಿ, ಸಹಜ ಹೆರಿಗೆಯಾದವರಲ್ಲಿ ಶೇ 21ರಷ್ಟು ಮಂದಿಗೆ, ಸಿಸೇರಿಯನ್ ಆದವರಲ್ಲಿ ಶೇ 15.9ರಷ್ಟು ಮಂದಿಗೆ ಮೂತ್ರ ಸೋರುತ್ತಿತ್ತು. ಹೆರಿಗೆಯೇ ಆಗದವರಲ್ಲಿ ಎಷ್ಟು? ಶೇ 10.1. ಮಗುವನ್ನೇ ಹೆರದ ಹತ್ತರಲ್ಲೊಬ್ಬ ಹೆಣ್ಣಿನ ಸೋರಿಕೆಗೆ ಹೆರಿಗೆಯನ್ನು ದೂರಲಾಗದು. ತೂಕ, ವಯಸ್ಸು, ಮಲಬದ್ಧತೆ, ನರಗಳು, ಹಾರ್ಮೋನು ಎಲ್ಲವೂ ಆ ಅಂಕಿಯೊಳಗೆ ಇವೆ.

ಹಾರ್ಮೋನಿನ ಪಾತ್ರ ಕಣ್ಣಿಗೆ ಹೊಡೆದಂತೆ ಕಾಣುವುದು ಮುಟ್ಟು ನಿಲ್ಲುವ ಕಾಲದಲ್ಲಿ. ಈಸ್ಟ್ರೋಜೆನ್ ಇದ್ದಷ್ಟು ದಿನ ಯೋನಿಯ ಒಳಪದರ ದಪ್ಪಗೆ, ತೇವವಾಗಿ ಇರುತ್ತದೆ. ಅದರ ಕೋಶಗಳಲ್ಲಿ ಗ್ಲೈಕೋಜನ್ ತುಂಬಿರುತ್ತದೆ; ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಿಂದ ಹುಳಿ ಮಾಡಿ, ಕೆಟ್ಟವು ಬೆಳೆಯದಂತೆ ನೋಡಿಕೊಳ್ಳುತ್ತವೆ. ಈಸ್ಟ್ರೋಜೆನ್ ಇಳಿದರೆ ಪದರ ತೆಳುವಾಗುತ್ತದೆ, ಹುಳಿ ಕಡಿಮೆಯಾಗುತ್ತದೆ, ಮೂತ್ರನಾಳದ ಸುತ್ತಲಿನ ಮೆತ್ತೆ ಸೊರಗುತ್ತದೆ. ಉರಿ, ಪದೇಪದೇ ಮೂತ್ರದ ಸೋಂಕು, ಅವಸರ, ಸಂಭೋಗದಲ್ಲಿ ನೋವು ಒಂದರ ಹಿಂದೊಂದು ಬರುತ್ತವೆ. ಇವೆಲ್ಲ ಒಂದೇ ಕಾಯಿಲೆಯ ಮುಖಗಳು ಎಂದು ಒಪ್ಪಿಕೊಂಡು ಎರಡು ವೈದ್ಯ ಸಂಘಗಳು ಒಂದು ಹೆಸರು ಕೊಟ್ಟದ್ದು 2014ರಲ್ಲಿ. ಅದಕ್ಕೂ ಮೊದಲು ಬಳಕೆಯಲ್ಲಿದ್ದ ಹೆಸರು ಯೋನಿ ಸೊರಗಿದೆ ಎಂದಷ್ಟೇ ಹೇಳುತ್ತಿತ್ತು. ಮೂತ್ರದ ತೊಂದರೆಗೆ ಅದರಲ್ಲಿ ಜಾಗವೇ ಇರಲಿಲ್ಲ.

ಈಸ್ಟ್ರೋಜೆನ್ ಕಡಿಮೆಯಾಗಿದ್ದರೆ ಈಸ್ಟ್ರೋಜೆನ್ ಮಾತ್ರೆ ನುಂಗಿದರೆ ಆಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ವೈದ್ಯರಿಗೂ ಹಾಗೇ ಅನ್ನಿಸಿತ್ತು, ವರ್ಷಗಟ್ಟಲೆ ಬರೆದೂ ಕೊಟ್ಟರು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಭಾರೀ ಅಧ್ಯಯನ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. 2005ರಲ್ಲಿ ಪ್ರಕಟವಾದ ಅದರ ಲೆಕ್ಕದ ಪ್ರಕಾರ, ಮೊದಲು ಸೋರಿಕೆಯೇ ಇಲ್ಲದ ಹೆಂಗಸರಲ್ಲಿ ಹಾರ್ಮೋನು ಮಾತ್ರೆ ನುಂಗಿದವರಿಗೆ ಒಂದು ವರ್ಷದೊಳಗೆ ಕೆಮ್ಮು-ಸೀನಿನ ಸೋರಿಕೆ ಶುರುವಾಗುವ ಸಂಭವ ಸುಮಾರು ಎರಡು ಪಟ್ಟಾಯಿತು. ಅದೇ ಹಾರ್ಮೋನನ್ನು ಸಣ್ಣ ಪ್ರಮಾಣದಲ್ಲಿ ಕ್ರೀಮ್ ಅಥವಾ ಚಿಕ್ಕ ಗುಳಿಗೆಯಾಗಿ ಯೋನಿಯೊಳಗೇ ಇಟ್ಟರೆ ಫಲಿತಾಂಶ ತಿರುಗುಮುರುಗು: ಒಣಗು ಹೋಗುತ್ತದೆ, ಅವಸರ ತಗ್ಗುತ್ತದೆ. 1993ರಲ್ಲಿ ರಾಜ್ ಮತ್ತು ಸ್ಟಾಮ್ ಎಂಬ ವೈದ್ಯರು ಪದೇಪದೇ ಮೂತ್ರದ ಸೋಂಕಾಗುತ್ತಿದ್ದ, ಮುಟ್ಟು ನಿಂತ 93 ಹೆಂಗಸರಲ್ಲಿ ಇದನ್ನು ಪರೀಕ್ಷಿಸಿದರು. ಔಷಧವಿಲ್ಲದ ಬರಿ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕಾದರೆ, ಎಸ್ಟ್ರಿಯಾಲ್ ಎಂಬ ಈಸ್ಟ್ರೋಜೆನ್ನಿನ ಕ್ರೀಮ್ ಹಚ್ಚಿದವರಿಗೆ 0.5 ಸಲ.

ಇಷ್ಟು ಸ್ಪಷ್ಟವಾದ ಫಲಿತಾಂಶ ವೈದ್ಯಕೀಯದಲ್ಲಿ ಅಪರೂಪ. ಆದರೂ ಮೂತ್ರದ ಸೋಂಕೆಂದರೆ ನಮ್ಮಲ್ಲಿ ಮತ್ತೆ ಮತ್ತೆ ಆಂಟಿಬಯಾಟಿಕ್ ಚೀಟಿಯೇ. ಕ್ರೀಮಿನ ಮಾತು ಬರುವುದು ಕಡಿಮೆ. ಬಂದರೂ ಹಾರ್ಮೋನು ಎಂದ ಕೂಡಲೆ ಕ್ಯಾನ್ಸರ್ ಭಯ ಎದ್ದು ನಿಲ್ಲುತ್ತದೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು, ಅದರಲ್ಲೂ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ನುಂಗುವವರು, ಕ್ಯಾನ್ಸರ್ ವೈದ್ಯರನ್ನು ಕೇಳದೆ ಇದನ್ನು ಬಳಸುವಂತಿಲ್ಲ. ಉಳಿದವರಲ್ಲಿ ಹಚ್ಚಿದ ಜಾಗದಿಂದ ರಕ್ತಕ್ಕೆ ಸೇರುವ ಪ್ರಮಾಣ ತೀರ ಕಡಿಮೆ.

ಭಾರತದ ಹೆಣ್ಣಿಗೆ ಈ ಅಧ್ಯಾಯ ಬೇಗ ತೆರೆಯುತ್ತದೆ. ಪಾಶ್ಚಾತ್ಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು, ನಮ್ಮಲ್ಲಿ 46-47. ಇದು ತಾನಾಗಿ ನಿಂತವರ ಮಾತು. ನಿಲ್ಲಿಸಿಕೊಂಡವರ ಕತೆ ಬೇರೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನವರಲ್ಲಿ ಶೇ 3.2ರಷ್ಟು ಹೆಂಗಸರು ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರದಲ್ಲಿ ಇದು ಶೇ 8.9. ಕರ್ನಾಟಕದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ದೊಡ್ಡ ಸುದ್ದಿಯಾಯಿತು. ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದವರಿಗೆ ಕ್ಯಾನ್ಸರ್ ಬರುತ್ತದೆಂದು ಹೆದರಿಸಲಾಗಿತ್ತು ಎಂಬುದು ಅವರ ದೂರು. ದೇಶದ ಬೇರೆಡೆಯ ಇಂಥದ್ದೇ ದೂರುಗಳು ಸುಪ್ರೀಂ ಕೋರ್ಟ್ ಮುಟ್ಟಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಆದೇಶವಾಯಿತು.

ಆ ಚರ್ಚೆಯಲ್ಲೆಲ್ಲ ಸೊಂಟದ ತಳದ ಮಾತು ಬಂದದ್ದು ಬಹಳ ಕಡಿಮೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜೆನ್ ಒಂದೇ ದಿನದಲ್ಲಿ ಕುಸಿಯುತ್ತದೆ. ಅಂಡಾಶಯ ಉಳಿಸಿದರೂ ಅದು ಕೆಲಸ ನಿಲ್ಲಿಸುವ ಸ್ಥಿತಿ ಕೆಲವು ವರ್ಷ ಮೊದಲೇ ಬರಬಹುದು. ಇದರ ಮೇಲೆ, ಗರ್ಭಕೋಶವನ್ನು ಹಿಡಿದಿದ್ದ ಕಟ್ಟುಗಳನ್ನೇ ಕತ್ತರಿಸಿರುತ್ತಾರೆ. ಸ್ವೀಡನ್ನಿನ ದಾಖಲೆಗಳನ್ನು ಜಾಲಾಡಿ 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಅಧ್ಯಯನದಂತೆ, ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಮೂತ್ರ ಸೋರಿಕೆಗೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಬೇರೆಯವರಿಗಿಂತ 2.4 ಪಟ್ಟು. ಮೂವತ್ತರ ಹರೆಯದಲ್ಲಿ ಈ ಶಸ್ತ್ರಚಿಕಿತ್ಸೆಯಾದ ಕೂಲಿ ಹೆಣ್ಣುಮಗಳ ಮುಂದೆ ಭಾರ ಹೊರುವ ಇನ್ನೂ ಮೂವತ್ತು ವರ್ಷಗಳಿರುತ್ತವೆ.

ಅಂಡಾಶಯದ ಹಾರ್ಮೋನು ತೊಂದರೆಯಾದ ಪಿಸಿಓಎಸ್ ಅಥವಾ ಆಡುಮಾತಿನ ಪಿಸಿಓಡಿಗೆ ಬಂದರೆ ಚಿತ್ರ ಗೋಜಲಾಗುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಶೇ 6ರಿಂದ 13ರಷ್ಟು ಮಂದಿಗೆ ಇದಿದೆ, ಅವರಲ್ಲಿ ಶೇ 70ರವರೆಗೂ ಗೊತ್ತೇ ಆಗಿರುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಲ್ಲಿ ಗಂಡು ಹಾರ್ಮೋನು ಜಾಸ್ತಿ. ಇಲಿಯ ಪರೀಕ್ಷೆಯನ್ನು ನಂಬಿದರೆ ಸೊಂಟದ ತಳದ ಸ್ನಾಯು ಇವರಲ್ಲಿ ಗಟ್ಟಿಯಾಗಿಯೇ ಇರಬೇಕು. ಕೆಲವು ಸಣ್ಣ ಅಧ್ಯಯನಗಳು ಹಾಗೇ ಸುಳಿವು ಕೊಟ್ಟಿವೆ ಕೂಡ. ಆದರೆ ಪಿಸಿಓಎಸ್ ಒಂಟಿಯಾಗಿ ಬರುವುದಿಲ್ಲ. ಇನ್ಸುಲಿನ್ ಪ್ರತಿರೋಧವನ್ನೂ ಅನೇಕರಲ್ಲಿ ಹೊಟ್ಟೆಯ ಬೊಜ್ಜನ್ನೂ ಕರೆತರುತ್ತದೆ. ಹೊಟ್ಟೆಯ ಭಾರ ಹಗಲಿರುಳು ತಳದ ಮೇಲೆಯೇ ಬೀಳುತ್ತದೆ. ಹಾರ್ಮೋನು ಒಂದು ಕೈಯಲ್ಲಿ ಕೊಟ್ಟದ್ದನ್ನು ತೂಕ ಇನ್ನೊಂದು ಕೈಯಲ್ಲಿ ಕಸಿಯುತ್ತದೆ ಎನ್ನುವುದು ಸದ್ಯಕ್ಕೆ ಒಪ್ಪಬಹುದಾದ ವಿವರಣೆ.

ತೂಕದ ಪಾತ್ರಕ್ಕೆ ಮಾತ್ರ ಗಟ್ಟಿ ಸಾಕ್ಷಿಯಿದೆ. ಸೋರಿಕೆಯಿದ್ದ 338 ದಪ್ಪ ಮೈಯ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಪ್ರೈಡ್ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. ಆರು ತಿಂಗಳಲ್ಲಿ ಸರಾಸರಿ ಶೇ 8ರಷ್ಟು ತೂಕ ಇಳಿಸಿದವರಲ್ಲಿ ವಾರದ ಸೋರಿಕೆ ಶೇ 47ರಷ್ಟು ತಗ್ಗಿತು. ಬರಿ ತಿಳಿವಳಿಕೆ ಪಡೆದವರಲ್ಲಿ ಶೇ 28. ಎಂಬತ್ತು ಕಿಲೋ ತೂಗುವವರು ಆರೂವರೆ ಕಿಲೋ ಇಳಿಸಿದರೆ ಸಾಕು ಎಂದಾಯಿತು. ತೆಳ್ಳಗಾಗಬೇಕಿಲ್ಲ ಎಂಬುದೇ ಇದರ ಸೊಗಸು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರ ಮೇಲೆ ನಡೆದ ಮತ್ತೊಂದು ದೊಡ್ಡ ಪ್ರಯೋಗದಲ್ಲಿ ಊಟ-ವ್ಯಾಯಾಮದ ಗುಂಪಿನ ಶೇ 38.3ರಷ್ಟು ಹೆಂಗಸರಿಗೆ ವಾರಕ್ಕೊಮ್ಮೆಯಾದರೂ ಸೋರುತ್ತಿತ್ತು. ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಶೇ 48.1, ಖಾಲಿ ಮಾತ್ರೆ ನುಂಗಿದವರಲ್ಲಿ ಶೇ 45.7. ಪಿಸಿಓಎಸ್‌ಗೆ ಧಾರಾಳವಾಗಿ ಬರೆಯುವ ಈ ಮೆಟ್‌ಫಾರ್ಮಿನ್ ಮಾತ್ರೆಯಿಂದ ಸಕ್ಕರೆ ಇಳಿಯಬಹುದು, ಸೋರಿಕೆ ಇಳಿಯಲಿಲ್ಲ.

ಮಾತ್ರೆಗಳ ವಿಷಯದಲ್ಲೇ ಇನ್ನೊಂದು ಮಾತು. ಪಿಸಿಓಎಸ್‌ನಲ್ಲಿ ಮುಖದ ಕೂದಲಿಗೆಂದು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂಲತಃ ಮೂತ್ರ ಹೆಚ್ಚಿಸುವ ಔಷಧ. ಸಕ್ಕರೆ ಕಾಯಿಲೆಗೆ ಈಗ ವ್ಯಾಪಕವಾಗಿ ಬಳಸುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲೇ ಹೊರಹಾಕುತ್ತವೆ. ಮೂತ್ರ ಹೆಚ್ಚುವುದರ ಜೊತೆಗೆ ಶಿಲೀಂಧ್ರದ ಸೋಂಕಿನ ತುರಿಕೆಯೂ ಬರಬಹುದು. ಹೊಸ ಮಾತ್ರೆ ಶುರುವಾದ ವಾರವೇ ಅವಸರ ಶುರುವಾಯಿತೇ ಎಂದು ಯಾರಾದರೂ ಕೇಳಿದರೆ ಅರ್ಧ ಗಂಟು ಅಲ್ಲೇ ಬಿಚ್ಚುತ್ತದೆ.

ಥೈರಾಯ್ಡ್ ಕಡಿಮೆಯಾದವರ ದಾರಿ ಕರುಳಿನ ಮೂಲಕ. ಕರುಳು ನಿಧಾನವಾಗುತ್ತದೆ, ಮಲ ಗಟ್ಟಿಯಾಗುತ್ತದೆ, ದಿನವೂ ಮುಕ್ಕರಿಯಬೇಕಾಗುತ್ತದೆ. ವರ್ಷಗಟ್ಟಲೆ ಮುಕ್ಕರಿದ ಒತ್ತಡ ತಳವನ್ನು ಜಗ್ಗುತ್ತದೆ. ಥೈರಾಯ್ಡ್ ಮಾತ್ರೆಯ ಅಳತೆ ಸರಿಹೋದರೆ ಇದು ಬಹಳಷ್ಟು ಸುಧಾರಿಸುತ್ತದೆ. ಕೂರುವ ಭಂಗಿಯೂ ಮುಖ್ಯ. ಕುಕ್ಕರುಗಾಲಲ್ಲಿ ಕೂತಾಗ ಗುದನಾಳವನ್ನು ಹಿಂದಿನಿಂದ ಬಳಸಿ ಹಿಡಿದ ಸ್ನಾಯು ಸಡಿಲಾಗಿ ದಾರಿ ನೇರವಾಗುತ್ತದೆ. ಮಂಡಿನೋವೆಂದು ಕಮೋಡಿಗೆ ಬದಲಾದವರು ಪಾದದ ಕೆಳಗೊಂದು ಮಣೆ ಇಟ್ಟುಕೊಂಡರೂ ಆದೀತು.

ಬಾಣಂತಿಯರನ್ನು ಹಾರ್ಮೋನು ಏರುಪೇರಿನ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಆದರೆ ಎದೆಹಾಲು ಕುಡಿಸುವಾಗ ಪ್ರೊಲ್ಯಾಕ್ಟಿನ್ ಏರಿ ಅಂಡಾಶಯ ಸುಮ್ಮನಾಗುತ್ತದೆ, ಈಸ್ಟ್ರೋಜೆನ್ ತಗ್ಗುತ್ತದೆ. ಇಪ್ಪತ್ತೈದರ ಹೆಣ್ಣಿಗೆ ಐವತ್ತರವಳ ಒಣಗು, ಉರಿ. ಇದು ತಾತ್ಕಾಲಿಕ ಎಂದು ಯಾರೂ ಹೇಳದ ಕಾರಣ ಹೆರಿಗೆಯಲ್ಲಿ ಏನೋ ಕೆಟ್ಟಿತೆಂದು ಕೊರಗುವವರು ಬಹಳ. ಸೀರೆಯಿಂದ ಹೊಟ್ಟೆ ಕಟ್ಟುವ ನಮ್ಮ ಬಾಣಂತನದ ಪದ್ಧತಿ ಸೊಂಟಕ್ಕೆ ಹಿತ ಕೊಡಬಹುದು. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗೆ ಇಳಿಯುತ್ತದೆ ಎಂದು ಫಿಸಿಯೋಥೆರಪಿಸ್ಟರು ಎಚ್ಚರಿಸುತ್ತಾರೆ. ಫ್ರಾನ್ಸಿನಲ್ಲಿ ಹೆರಿಗೆಯ ನಂತರ ಸೊಂಟದ ತಳಕ್ಕೆ ತರಬೇತಿ ಕೊಡಿಸುವುದು ಸರ್ಕಾರಿ ವಿಮೆಯ ಲೆಕ್ಕದಲ್ಲೇ ಇದೆ.

ಇಲ್ಲಿಯವರೆಗಿನದು ಸಡಿಲವಾದ ತಳದ ಕತೆ. ಎಂಡೊಮೆಟ್ರಿಯೋಸಿಸ್ ಇದಕ್ಕೆ ತದ್ವಿರುದ್ಧ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುವ, ಈಸ್ಟ್ರೋಜೆನ್ ಉಂಡು ಬದುಕುವ ಈ ಕಾಯಿಲೆ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಇದೆ. ತಿಂಗಳು ತಿಂಗಳು ಕಿಬ್ಬೊಟ್ಟೆ ಹಿಂಡಿದಾಗ ತಳದ ಸ್ನಾಯು ಕಾವಲಿಗೆ ನಿಂತಂತೆ ಬಿಗಿಯುತ್ತದೆ. ವರ್ಷಗಳು ಕಳೆದಂತೆ ಸಡಿಲುವುದನ್ನೇ ಮರೆಯುತ್ತದೆ. ಆಗ ಮೂತ್ರ ಸರಾಗವಾಗಿ ಬಾರದು, ಮಲ ತಡೆದಂತಾಗುತ್ತದೆ, ಸಂಭೋಗ ಅಸಾಧ್ಯವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಗಂಟುಗಳನ್ನೆಲ್ಲ ತೆಗೆದ ಮೇಲೂ ಕೆಲವರಲ್ಲಿ ನೋವು ಉಳಿಯುವುದಕ್ಕೆ ಈ ಬಿಗಿತವೂ ಒಂದು ಕಾರಣ. ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಾಗ ಮುಟ್ಟಿನ ನೋವು ಸಾರ್ವಜನಿಕ ಮಾತಾಯಿತು. ಮುಟ್ಟು ಮುಗಿದ ಮೇಲೂ ಉಳಿಯುವ ಈ ನೋವು ಇನ್ನೂ ಮಾತಾಗಿಲ್ಲ.

ಇಂಥವರಿಗೂ ಸಿಗುವ ಸಲಹೆ ಒಂದೇ: ತಳವನ್ನು ಬಿಗಿದು ಬಿಡುವ ಕೆಗೆಲ್ ವ್ಯಾಯಾಮ ಮಾಡಿ. ಮೊಬೈಲಿನಲ್ಲಿ ಹುಡುಕಿದರೂ ಅದೇ. ಬಿಗಿದು ನಿಂತ ಸ್ನಾಯುವನ್ನು ಇನ್ನಷ್ಟು ಬಿಗಿಯಲು ಹೇಳಿದರೆ ನೋವು ಹೆಚ್ಚದೆ ಇನ್ನೇನು? ಅವರಿಗೆ ಬೇಕಿರುವುದು ಸಡಿಲಿಸುವ ಪಾಠ: ಹೊಟ್ಟೆ ತುಂಬ ಉಸಿರೆಳೆದು ತಳವನ್ನು ಇಳಿಬಿಡುವುದು, ನುರಿತ ಫಿಸಿಯೋಥೆರಪಿಸ್ಟರಿಂದ ಒಳಗಿನ ಗಂಟುಗಳನ್ನು ಮೆಲ್ಲಗೆ ಒತ್ತಿಸಿಕೊಳ್ಳುವುದು. ಇದರ ಜೊತೆ ಕಾಯಿಲೆ ಹತ್ತಿಕ್ಕಲು ಕೊಡುವ ಲ್ಯುಪ್ರೊಲೈಡ್‌ನಂಥ ಚುಚ್ಚುಮದ್ದು ಈಸ್ಟ್ರೋಜೆನ್ ಇಳಿಸುವುದರಿಂದ, ಬಿಗಿತದ ಮೇಲೆ ಒಣಗೂ ಸೇರಿಕೊಳ್ಳುತ್ತದೆ.

ಕೆಗೆಲ್ ಅವರನ್ನು ಇದಕ್ಕೆ ದೂರುವಂತಿಲ್ಲ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ತಮ್ಮ ವಿಧಾನ ಪ್ರಕಟಿಸಿದಾಗ ಅದು ಬಾಯಿಮಾತಿನ ಸಲಹೆಯಾಗಿರಲಿಲ್ಲ. ಸ್ನಾಯುವಿನ ಬಿಗಿತ ಅಳೆಯುವ ಪೆರಿನಿಯೋಮೀಟರ್ ಎಂಬ ಉಪಕರಣವನ್ನು ಅವರೇ ಮಾಡಿದ್ದರು; ಹೆಣ್ಣು ತಾನು ಬಿಗಿದದ್ದನ್ನು ಮುಳ್ಳಿನಲ್ಲಿ ನೋಡುತ್ತಾ ಕಲಿಯುತ್ತಿದ್ದಳು. ಕಾಲಕ್ರಮದಲ್ಲಿ ಉಪಕರಣ ಹೋಗಿ ಸಲಹೆ ಉಳಿಯಿತು. ಸಲಹೆಯಷ್ಟೇ ಕೊಟ್ಟರೆ ಏನಾಗುತ್ತದೆ ಎಂಬುದನ್ನು 1991ರಲ್ಲಿ ಬಂಪ್ ಮತ್ತು ಸಂಗಡಿಗರು 47 ಹೆಂಗಸರಲ್ಲಿ ನೋಡಿದರು. ಸರಿಯಾಗಿ ಮಾಡಿದವರು ಶೇ 49. ಶೇ 25ರಷ್ಟು ಮಂದಿ ಸೋರಿಕೆ ಹೆಚ್ಚುವಂತೆ ಕೆಳಕ್ಕೆ ಮುಕ್ಕರಿಯುತ್ತಿದ್ದರು.

ಸರಿಯಾಗಿ ಕಲಿಸಿದರೆ ಮಾತ್ರ ಫಲ ದೊಡ್ಡದು. ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆಯಂತೆ ಕೆಮ್ಮು-ಸೀನಿನ ಸೋರಿಕೆಯಿದ್ದವರಲ್ಲಿ ಈ ತರಬೇತಿ ಪಡೆದ ಶೇ 56ರಷ್ಟು ಮಂದಿ ವಾಸಿಯಾಯಿತೆಂದರು, ಪಡೆಯದವರಲ್ಲಿ ಶೇ 6. ಬ್ರಿಟನ್ನಿನ ನೈಸ್ ಮಾರ್ಗಸೂಚಿ ಹೇಳುವ ಅಳತೆ: ತಜ್ಞರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳು, ದಿನಕ್ಕೆ ಮೂರು ಸಲ, ಸಲಕ್ಕೆ ಕನಿಷ್ಠ ಎಂಟು ಬಿಗಿತ. ಯೋಗದಲ್ಲಿ ಮೂಲಬಂಧ ಇದೆಯಲ್ಲ, ಇವೆಲ್ಲ ನಮಗೆ ಮೊದಲೇ ಗೊತ್ತಿತ್ತು ಎನ್ನುವವರಿಗೂ ಒಂದು ಉತ್ತರ ಸಿಕ್ಕಿದೆ. 45 ದಾಟಿದ 240 ಹೆಂಗಸರ ಮೇಲೆ ಹನ್ನೆರಡು ವಾರ ನಡೆದ, 2024ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಯೋಗದ ಗುಂಪಿನವರ ಸೋರಿಕೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮಾಮೂಲಿ ಕೈಕಾಲು ಚಾಚಿ ಬಲಪಡಿಸುವ ವ್ಯಾಯಾಮ ಮಾಡಿದ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ಯೋಗ ಫಲ ಕೊಡಲಿಲ್ಲ ಎಂದು ಇದರರ್ಥವಲ್ಲ; ಯೋಗವೇ ಆಗಬೇಕೆಂದಿಲ್ಲ ಎಂದಷ್ಟೇ.

ಮಾರುಕಟ್ಟೆಗೆ ಇಷ್ಟು ತಾಳ್ಮೆಯಿಲ್ಲ. ಯೋನಿಗೆ ಲೇಸರ್ ಹಾಯಿಸಿ ಯೌವನ ಮರಳಿಸುತ್ತೇವೆ ಎನ್ನುವ ಜಾಹೀರಾತು ದೊಡ್ಡ ಊರುಗಳಲ್ಲಿ ಈಗ ಮಾಮೂಲು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ವಿರುದ್ಧ 2018ರಲ್ಲೇ ಎಚ್ಚರಿಕೆ ಕೊಟ್ಟಿತು. 2021ರಲ್ಲಿ ಆಸ್ಟ್ರೇಲಿಯಾದ ಪ್ರಯೋಗವೊಂದು ಮುಟ್ಟು ನಿಂತವರ ಒಣಗಿಗೆ ಲೇಸರನ್ನು ತೋರಿಕೆಯ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಒಂದು ವರ್ಷದ ನಂತರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಜಾರಿದ ಅಂಗಗಳನ್ನು ಎತ್ತಿಹಿಡಿಯಲು ಯೋನಿಯ ಮೂಲಕ ಕೂರಿಸುತ್ತಿದ್ದ ಪ್ಲಾಸ್ಟಿಕ್ ಬಲೆಯ ಮಾರಾಟವನ್ನು 2019ರಲ್ಲಿ ಎಫ್‌ಡಿಎ ನಿಲ್ಲಿಸಿತು. ಇವುಗಳ ಮುಂದೆ ಸಿಲಿಕೋನಿನ ರಿಂಗ್ ಪೆಸರಿ ತೀರ ಸಾದಾ ವಸ್ತು. ಯೋನಿಯೊಳಗೆ ಇಟ್ಟರೆ ಜಾರಿದ ಗರ್ಭಕೋಶವನ್ನು ಮೇಲೆತ್ತಿ ಹಿಡಿಯುತ್ತದೆ, ತೆಗೆದು ತೊಳೆದು ಮತ್ತೆ ಇಡಬಹುದು. ಒಣಗಿದ್ದವರಿಗೆ ಉಜ್ಜಿ ಹುಣ್ಣಾಗದಂತೆ ಜೊತೆಗೆ ಈಸ್ಟ್ರೋಜೆನ್ ಕ್ರೀಮ್ ಕೊಡುವುದುಂಟು. ಶಸ್ತ್ರಚಿಕಿತ್ಸೆಗೆ ಮೊದಲು ಇದನ್ನೊಮ್ಮೆ ಇಟ್ಟು ನೋಡೋಣ ಎನ್ನುವ ವೈದ್ಯರ ಸಂಖ್ಯೆ ಇನ್ನೂ ಸಾಲದು.

ಇವೆಲ್ಲದರ ನಡುವೆ ಹೆಂಗಸರು ತಾವೇ ಕಂಡುಕೊಂಡ ಉಪಾಯ ನೀರು ಕುಡಿಯದಿರುವುದು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಬೀದಿ ಗುಡಿಸುವ ಪೌರಕಾರ್ಮಿಕರು ಶೌಚಾಲಯ ಸಿಗದೆ ಇದನ್ನು ಮೊದಲೇ ರೂಢಿಸಿಕೊಂಡಿದ್ದಾರೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಕೆರಳುತ್ತದೆ, ಮಲ ಕಟ್ಟುತ್ತದೆ, ಸೋಂಕು ಸುಲಭವಾಗುತ್ತದೆ. ತಡೆಯಲು ಹೋದ ತೊಂದರೆಯೇ ಹೆಚ್ಚುತ್ತದೆ.

ಹಾರ್ಮೋನು ತೊಂದರೆಗೆ ಚಿಕಿತ್ಸೆಯಲ್ಲಿರುವವರು ವೈದ್ಯರ ಬಳಿ ಹೋಗುವ ಮುನ್ನ ಮೂರು ದಿನ ಎಷ್ಟು ಕುಡಿದೆ, ಎಷ್ಟು ಸಲ ಹೋದೆ, ಯಾವಾಗ ಸೋರಿತು ಎಂದು ಬರೆದಿಟ್ಟು, ನುಂಗುವ ಮಾತ್ರೆಗಳ ಪಟ್ಟಿಯೊಂದಿಗೆ ಒಯ್ದರೆ ಮಾತು ಸುಲಭ. ವ್ಯಾಯಾಮ ಶುರುಮಾಡುವ ಮುನ್ನ ತಳ ಬಿಗಿಯಾಗಿದೆಯೋ ಸಡಿಲವೋ ಎಂದು ಬೆರಳಿನಿಂದ ಪರೀಕ್ಷಿಸಿ ಹೇಳುವಂತೆ ಕೇಳುವುದು ರೋಗಿಯ ಹಕ್ಕು. ಮದುವೆಯಾಗದವರಲ್ಲಿ, ನೋವಿರುವವರಲ್ಲಿ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಮಾಡಿಯೂ ಸ್ನಾಯುವಿನ ಚಲನೆ ನೋಡಬಹುದು. ಮೂರು ತಿಂಗಳ ತರಬೇತಿ ಕಾಯಬಲ್ಲದು. ಆದರೆ ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರದಲ್ಲಿ ರಕ್ತ ಬಂದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋಗಿ ಕಾಲು ಜೋಮುಗಟ್ಟಿದರೆ ಕಾಯುವಂತಿಲ್ಲ. ಮೂತ್ರ ಕಟ್ಟಿದ್ದಕ್ಕೆ, ಸ್ಪರ್ಶ ಹೋದದ್ದಕ್ಕೆ ಅಂದೇ ಆಸ್ಪತ್ರೆಗೆ ಹೋಗಬೇಕು, ರಕ್ತ ಕಂಡದ್ದಕ್ಕೆ ಆ ವಾರದಲ್ಲೇ.